ಎರಡನೆಯ ಮಧ್ಯಾಹ್ನ

9 ಜನವರಿ 2003

ತಂಗೀ,

ಮೊದಲು ನಿನ್ನ ಮಗಳ ಸುದ್ದಿ ಬರೆಯುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ನೀನು ಓದುವುದೇ ಇಲ್ಲ. ಚೂಟಿಯ ಮುಂದಿನ ಹಲ್ಲು ಬಿತ್ತು. ಶಾಲೆಯಲ್ಲಿ ಬಿದ್ದದ್ದನ್ನು ಪೆನ್ಸಿಲ್ ಡಬ್ಬಿಯಲ್ಲಿ ಹಾಕಿಕೊಂಡು ಬಂದು, "ದೊಡ್ಡಮ್ಮಾ, ಇದರದ್ದೊಂದು ಎಕ್ಸ್-ರೇ ತೆಗಿ" ಅಂದಳು. ನಾನು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೇನೆ ಅಂತಲೇ ಅವಳ ಕ್ಲಾಸಿನವರೆಲ್ಲ ನಂಬಿದ್ದಾರೆ. ಊಟ ಸರಿಯಾಗಿ ಮಾಡುತ್ತಾಳೆ. ಮಲಗುವಾಗ ಅಳುವುದು ನಿಂತಿದೆ.

ಈಗ ಕೆಲಸದ ಮಾತು. ಆಫೀಸಿನ ಮೇಲ್‌ನಲ್ಲೇ ಬರೆಯಬಹುದಿತ್ತು, ಆದರೆ ಅದನ್ನು ನಿನ್ನ ಕಡೆ ನಾಲ್ಕು ಜನ, ನನ್ನ ಕಡೆ ಆರು ಜನ ಓದುತ್ತಾರೆ. ಸೋಮಾರಿ ಎದ್ದಿದ್ದಾನೆ ಕಣೇ! ಓದುವಾಗ ನಾವಿಬ್ಬರೂ ಸೇರಿ ಹೆಸರಿಟ್ಟಿದ್ದೆವಲ್ಲ, ವರ್ಷಗಟ್ಟಲೆ ಬಿದ್ದುಕೊಂಡೇ ಇರುವ ಆ ಕಪ್ಪುಕುಳಿ, ಅವನೇ. ಪಕ್ಕದ ನಕ್ಷತ್ರದಿಂದ ಅನಿಲ ಎಳೆದುಕೊಳ್ಳಲು ಶುರುಮಾಡಿದ್ದಾನೆ.

ಮೊನ್ನೆ ಸಮಿತಿಯ ಮುಂದೆ ಕೂತಿದ್ದೆ. ಹಣಕಾಸಿನವರೊಬ್ಬರು ಕನ್ನಡಕ ಒರೆಸಿಕೊಳ್ಳುತ್ತ, "ಕಪ್ಪುಕುಳಿಯಿಂದ ಬೆಳಕೂ ಹೊರಗೆ ಬರಲ್ಲ ಅಂತೀರಿ, ಮತ್ತೆ ನೀವು ಇಷ್ಟು ವರ್ಷದಿಂದ ನೋಡ್ತಿರೋದು ಏನನ್ನ?" ಅಂದರು. "ಸಾರ್, ಒಳಗೆ ಬಿದ್ದ ಮೇಲೆ ಏನೂ ಕಾಣಲ್ಲ. ಬೀಳೋಕೆ ಮುಂಚೆ ಕಾಣುತ್ತೆ" ಅಂದೆ. ಬರುವ ಅನಿಲ ನೆಟ್ಟಗೆ ಬೀಳುವುದಿಲ್ಲ, ಬಚ್ಚಲಿನ ತೂತಿನ ಸುತ್ತ ನೀರು ಸುತ್ತುವ ಹಾಗೆ ಸುತ್ತಿ ಸುತ್ತಿ ಒಂದು ತಟ್ಟೆಯಾಗುತ್ತದೆ. ಒಳಸುತ್ತು ಜೋರಾಗಿ ಓಡುತ್ತದೆ, ಹೊರಸುತ್ತು ನಿಧಾನ. ಒಂದಕ್ಕೊಂದು ಉಜ್ಜಿ ಉಜ್ಜಿ ಒಳಅಂಚು ಕೋಟಿ ಡಿಗ್ರಿಗೆ ಕಾಯುತ್ತದೆ. ಅಷ್ಟು ಕಾದದ್ದು ಕೆಂಪಗೆ ಬೆಳ್ಳಗೆ ಹೊಳೆದು ಸುಮ್ಮನಾಗುವುದಿಲ್ಲ, ಎಕ್ಸ್-ರೇ ಕಾರುತ್ತದೆ. ಭೂಮಿಯ ಗಾಳಿ ಅದನ್ನು ಕೆಳಗೆ ಬಿಡುವುದಿಲ್ಲವಾದ್ದರಿಂದ ನಮಗೆ ಉಪಗ್ರಹ ಬೇಕು, ಉಪಗ್ರಹಕ್ಕೆ ನಿಮ್ಮ ಸಹಿ ಬೇಕು ಅಂದೆ. ಅವರು ನಗಲಿಲ್ಲ.

ನನ್ನ ವಾದ ನಿನಗೆ ಗೊತ್ತಿರುವುದೇ. ಆಗಾಗ ಆ ಎಕ್ಸ್-ರೇ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ತಟ್ಟೆಯ ಒಳಅಂಚು ಮಾಯ. ಒಂದಷ್ಟನ್ನು ಕುಳಿ ನುಂಗುತ್ತದೆ, ಉಳಿದದ್ದನ್ನು ಕಾಂತಕ್ಷೇತ್ರ ಹಿಡಿದು ಮೇಲಕ್ಕೂ ಕೆಳಕ್ಕೂ ಬೆಳಕಿನ ವೇಗದ ಹತ್ತಿರಹತ್ತಿರದಲ್ಲಿ ಚಿಮ್ಮಿಸುತ್ತದೆ ಅನ್ನುತ್ತೇನೆ ನಾನು. ಆ ಚಿಲುಮೆ ರೇಡಿಯೋ ಅಲೆಗಳಲ್ಲಿ ಕಾಣಬೇಕು. ರೇಡಿಯೋ ನಿನ್ನ ಇಲಾಖೆ. ನನ್ನ ಕಡೆ ಮಂಕಾದ ಸ್ವಲ್ಪ ಹೊತ್ತಿಗೆ ನಿನ್ನ ಡಿಶ್‌ನಲ್ಲಿ ಉಬ್ಬು ಎದ್ದರೆ, ಅಲ್ಲಿಗೆ ನನ್ನ ವಾದ ಗೆದ್ದ ಹಾಗೆ. "ಎರಡನ್ನೂ ಒಟ್ಟಿಗೆ ತೋರಿಸಿ, ನಿಮ್ಮ ಹುದ್ದೆ ಮುಂದುವರಿಸ್ತೀವಿ" ಅಂದಿದೆ ಸಮಿತಿ. ಇಲ್ಲದಿದ್ದರೆ ಮಾರ್ಚ್ ಕೊನೆಗೆ ಗಂಟುಮೂಟೆ ಕಟ್ಟಬೇಕು. ಉಪಗ್ರಹದವರು ಫೆಬ್ರವರಿಯಲ್ಲಿ ಮೂರು ಮಧ್ಯಾಹ್ನ ಕೊಟ್ಟಿದ್ದಾರೆ. ಮಾಡುತ್ತೀಯಲ್ಲ?

ಅಕ್ಕ

20 ಜನವರಿ 2003

ಅಕ್ಕಾ,

ಮಾಡುತ್ತೇನೆ ಮಾರಾಯ್ತಿ, ಮಾಡದೆ ಇರುತ್ತೇನೆಯೇ? ಕಳೆದೆರಡು ಸಲ ಪ್ರಬಂಧದ ಕೊನೆಯಲ್ಲಿ "ಡಿಶ್ ನಡೆಸಿದವರಿಗೆ ಕೃತಜ್ಞತೆಗಳು" ಅಂತ ಒಂದು ಸಾಲು ಹಾಕಿದ್ದೆಯಲ್ಲ, ಈ ಸಲವಾದರೂ ನನ್ನ ಹೆಸರು ಮೇಲಕ್ಕೆ ಹತ್ತಲಿ.

ಹಲ್ಲನ್ನು ಎಸೆಯಬೇಡ, ಕವರಿನಲ್ಲಿ ಹಾಕಿ ಕಳಿಸು. ಇಲ್ಲಿ ನನ್ನ ಕೋಣೆಯಲ್ಲಿ ಒಂದು ಮಂಚ, ಒಂದು ಕಿಟಕಿ, ಕಿಟಕಿ ತುಂಬ ಡಿಶ್ಶು. ಟಪಾಲು ವ್ಯಾನು ವಾರಕ್ಕೊಮ್ಮೆ ಶುಕ್ರವಾರ ಬರುತ್ತದೆ. ಈ ಕಣಿವೆಯಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ ಅಂತ ನಿನಗೆ ಗೊತ್ತು. ನಕ್ಷತ್ರದಿಂದ ಬರುವ ಸದ್ದಿಗಿಂತ ಒಂದು ಮೊಬೈಲಿನ ಸದ್ದು ಎಷ್ಟೋ ಪಾಲು ದೊಡ್ಡದು. ಅದನ್ನು ಹಿಡಿಯಲೆಂದೇ ಒಬ್ಬರನ್ನು ಇಟ್ಟಿದ್ದಾರೆ. ಜೀಪಿನ ಮೇಲೆ ಆಂಟೆನಾ ಕಟ್ಟಿಕೊಂಡು ಮನೆಮನೆ ಮೂಸುತ್ತಾರೆ. ನಾವು ಮೂಸುರಾಯರು ಅನ್ನುತ್ತೇವೆ. ಹೋದ ತಿಂಗಳು ಕಾವಲಿನವನ ಹೆಂಡತಿಯ ಮಿಕ್ಸಿ ಹಿಡಿದರು. ಒಬ್ಬ ಇಂಜಿನಿಯರ್ ಹತ್ತಿರ ಮೊಬೈಲ್ ಸಿಕ್ಕಿತು, ಅವನನ್ನು ಅದೇ ಶುಕ್ರವಾರದ ವ್ಯಾನಿನಲ್ಲಿ ಮನೆಗೆ ಕಳಿಸಿದರು.

ಆಫೀಸಿನಲ್ಲಿ ತಂತಿಯ ಫೋನು ಒಂದಿದೆ, ಗುಮಾಸ್ತರ ಮೇಜಿನ ಮೇಲೆ. ಅಲ್ಲಿಂದ ಮೂರು ಸಲ ಮಾಡಿದೆ, ನೀನು ಎತ್ತಲಿಲ್ಲ. ಒಂದು ಸಲ ಚೂಟಿಯ ದನಿ ಕೇಳಿಸು ಅಕ್ಕಾ. ಇಲ್ಲಿ ಶಾಲೆ ಇಲ್ಲ ಅಂತ ಅವಳನ್ನು ನಿನ್ನ ಹತ್ತಿರ ಬಿಟ್ಟೆ, ಅವಳಪ್ಪನ ಹಾಗೆ ಕೈತೊಳೆದುಕೊಂಡು ಬಂದದ್ದಲ್ಲ.

ತಂಗಿ

31 ಜನವರಿ 2003

ತಂಗೀ,

ಹಲ್ಲು ಕವರಿನಲ್ಲಿದೆ.

ಫೋನಿನ ವಿಷಯ ಬೇಡ. ನೀನು ಮಾತಾಡಿಸಿದ ದಿನವೆಲ್ಲ ಅವಳು ಊಟ ಬಿಡುತ್ತಾಳೆ, ಮಾರನೆಯ ದಿನ ಶಾಲೆಗೆ ಹೋಗಲ್ಲ ಅಂತ ಹಟ. ನಂಬರ್ ಬೀಳುವ ಪೆಟ್ಟಿಗೆಯಲ್ಲಿ ನಿಮ್ಮ ಆಫೀಸಿನದ್ದು ಕಂಡರೆ ನಾನು ಬೇಕೆಂದೇ ಎತ್ತುವುದಿಲ್ಲ. ಮುಚ್ಚಿಡುವುದೇನಿದೆ. ಈಗಷ್ಟೇ ಒಂದು ದಾರಿಗೆ ಬಂದಿದ್ದಾಳೆ. ಪರೀಕ್ಷೆ ಮುಗಿಯಲಿ, ರಜೆಗೆ ಬಂದು ಕಣ್ತುಂಬ ನೋಡಿಕೊಂಡು ಹೋಗು.

ದಿನ ಗೊತ್ತಾಯಿತು: ಫೆಬ್ರವರಿ ಹನ್ನೊಂದು, ಹನ್ನೆರಡು, ಹದಿಮೂರು. ಊಟದ ಹೊತ್ತಿನಿಂದ ಸಂಜೆವರೆಗೆ. ಆ ಮೂರು ದಿನ ನಾನು ಆಫೀಸು ಬಿಟ್ಟು ಅಲ್ಲಾಡುವುದಿಲ್ಲ. ಚಿಕ್ಕ ಕ್ಲಾಸಿನವರನ್ನು ಮಧ್ಯಾಹ್ನಕ್ಕೇ ಬಿಡುತ್ತಾರೆ, ಚೂಟಿಯನ್ನು ಪಕ್ಕದ ಮನೆಯ ಅಜ್ಜಿ ನಮ್ಮ ಮನೆಗೇ ಬಂದು ನೋಡಿಕೊಳ್ಳುತ್ತಾರೆ. ನೀನು ಡಿಶ್ಶನ್ನು ಸೋಮಾರಿಯ ಮೇಲಿಂದ ತೆಗೆಯಬೇಡ, ಅಷ್ಟೇ ನಾನು ಕೇಳುವುದು. ನನ್ನ ಹತ್ತು ವರ್ಷ ನಿನ್ನ ಕೈಯಲ್ಲಿದೆ.

ಅಕ್ಕ

17 ಫೆಬ್ರವರಿ 2003

ಅಕ್ಕಾ,

ಮೂರು ಮಧ್ಯಾಹ್ನವೂ ನೋಡಿದೆ. ಏನೂ ಬರಲಿಲ್ಲ. ಬರೀ ಗೊರಗೊರ. ಲೆಕ್ಕದ ಹಾಳೆ ಮೇಲ್‌ನಲ್ಲಿ ಕಳಿಸಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಚೂಟಿ ಹೇಗಿದ್ದಾಳೆ? ನನ್ನ ಬಗ್ಗೆ ಏನಾದರೂ ಅಂದಳಾ?

ತಂಗಿ

25 ಫೆಬ್ರವರಿ 2003

ತಂಗೀ,

ಏನೂ ಇಲ್ಲವೇ? ಏನೇನೂ ಇಲ್ಲವೇ?

ಮೊದಲ ದಿನ ನನ್ನ ಕಡೆಯೂ ಸಪ್ಪೆ, ಮೂರನೆಯ ದಿನವೂ ಸಪ್ಪೆ. ಆದರೆ ಎರಡನೆಯ ಮಧ್ಯಾಹ್ನ ಸೋಮಾರಿ ಕುಣಿದಿದ್ದಾನೆ ಕಣೇ. ಎಕ್ಸ್-ರೇ ನೆಟ್ಟಗೆ ಕೆಳಗೆ ಬಿದ್ದು, ಅಲ್ಲೇ ಸ್ವಲ್ಪ ಹೊತ್ತಿದ್ದು, ಮತ್ತೆ ಮೇಲೇರಿದೆ. ಹೀಗೆ ಮೂರು ಸಲ. ಇಷ್ಟು ಚೊಕ್ಕಟವಾದ ಇಳಿತವನ್ನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ಅಷ್ಟೊಂದು ತಟ್ಟೆ ಖಾಲಿಯಾಗಿದೆ, ಅದರಲ್ಲಿ ಚೂರೂ ಹೊರಗೆ ಚಿಮ್ಮಲಿಲ್ಲ ಅಂದರೆ ಎಲ್ಲವನ್ನೂ ಕುಳಿಯೇ ನುಂಗಿತು ಅಂತಾಯಿತು. ಅಂದರೆ ನಾನು ಹತ್ತು ವರ್ಷ ಹೇಳಿಕೊಂಡು ಬಂದದ್ದೆಲ್ಲ ಬೊಗಳೆ.

ಎರಡನೆಯ ದಿನದ್ದನ್ನು ಸರಿಯಾಗಿ ನೋಡಿದೆಯಾ? ಗಾಳಿಗೆ ಡಿಶ್ ಕಟ್ಟಿಹಾಕಿದ್ದಿರಾ? ಬೇರೆ ಯಾರಿಗಾದರೂ ಹೊತ್ತು ಬಿಟ್ಟುಕೊಟ್ಟೆಯಾ? ನೋಡಿಯೇ ಇಲ್ಲದಿದ್ದರೆ ನೋಡಿಲ್ಲ ಅಂತ ಹೇಳಿಬಿಡು, ಸಮಿತಿಯ ಹತ್ತಿರ ಇನ್ನೊಂದು ಅವಕಾಶ ಕೇಳುತ್ತೇನೆ. ನೋಡಿಯೂ ಕಾಣಲಿಲ್ಲ ಅಂದರೆ ಕೇಳಲು ನನಗೆ ಮುಖವಿಲ್ಲ. ಒಂದು ಸಾಲು ಬರೆ.

ಚೂಟಿ ಚೆನ್ನಾಗಿದ್ದಾಳೆ. ನಿನ್ನ ಬಗ್ಗೆ ಏನೂ ಅನ್ನಲಿಲ್ಲ.

ಅಕ್ಕ

8 ಮಾರ್ಚ್ 2003

ಅಕ್ಕಾ,

ನೋಡಿದೆ ಅಂದೆನಲ್ಲ, ಎಷ್ಟು ಸಲ ಕೇಳುತ್ತೀ? ನಾನು ಡಿಶ್ ತಿರುಗಿಸುವ ಕೂಲಿಯಾಗಿರಬಹುದು, ಕುರುಡಿಯಂತೂ ಅಲ್ಲ. ಗಾಳಿ ಇರಲಿಲ್ಲ. ಯಾರಿಗೂ ಹೊತ್ತು ಕೊಡಲಿಲ್ಲ. ಕಾಣಲಿಲ್ಲ, ಅಷ್ಟೇ. ನಿನ್ನ ವಾದ ಸುಳ್ಳಾಗಿರಬಹುದು ಅನ್ನುವುದು ನಿನ್ನ ತಲೆಗೆ ಯಾಕೆ ಹೋಗುವುದಿಲ್ಲ? ಚಿಕ್ಕವರಿದ್ದಾಗಲೂ ಹಾಗೇ. ಕೇರಂನಲ್ಲಿ ಸೋತರೆ ಬೋರ್ಡೇ ಡೊಂಕು ಅನ್ನುತ್ತಿದ್ದೆ.

ಚೂಟಿಗೆ ನನ್ನ ಮೇಲೆ ಸಿಟ್ಟಿದೆ ಅಂತ ಗೊತ್ತಾಗಿದೆ. ಹೇಗೆ ಗೊತ್ತಾಯಿತು ಅಂತ ಕೇಳಬೇಡ. ಅವಳನ್ನು ಒತ್ತಾಯ ಮಾಡಬೇಡ. ತಾನಾಗಿ ಮಾತಾಡಬೇಕು ಅನ್ನಿಸಿದಾಗ ಮಾತಾಡಲಿ. ಅಲ್ಲಿಯವರೆಗೆ ನಾನು ಫೋನು ಕೇಳುವುದೂ ಇಲ್ಲ, ಬರುವುದೂ ಇಲ್ಲ. ನಿನಗೂ ಅದೇ ಬೇಕಾಗಿತ್ತಲ್ಲ.

ತಂಗಿ

2 ಸೆಪ್ಟೆಂಬರ್ 2003

ತಂಗೀ,

ಆರು ತಿಂಗಳಾಯಿತು ಬರೆದು. ಬರೆಯುವಂಥದ್ದೇನೂ ಇರಲಿಲ್ಲ.

"ಚಿಲುಮೆ ಕಾಣಲಿಲ್ಲ, ನನ್ನ ವಾದ ಹಿಂತೆಗೆದುಕೊಂಡಿದ್ದೇನೆ" ಅಂತ ಸಮಿತಿಗೆ ನಾನೇ ಕೈಯಾರೆ ಬರೆದುಕೊಟ್ಟೆ. ಅವರು ಚಹಾ ಕೊಟ್ಟು ಕಳಿಸಿದರು. ಈಗ ವಿಮಾನ ನಿಲ್ದಾಣದಲ್ಲಿ ಕೆಲಸ. ಪ್ರಯಾಣಿಕರ ಪೆಟ್ಟಿಗೆ ಒಳಗೆ ಹೋಗುತ್ತದಲ್ಲ, ಆ ಎಕ್ಸ್-ರೇ ಯಂತ್ರಗಳನ್ನು ಸರಿಮಾಡುವ ಕಂಪನಿ. ಹತ್ತು ವರ್ಷ ಕಪ್ಪುಕುಳಿಯ ಅಂಚು ನೋಡಿದವಳು ಈಗ ಜನರ ಚಪ್ಪಲಿ, ಬಾಚಣಿಗೆ, ಒಳಲಂಗ ನೋಡುತ್ತೇನೆ. ಕ್ಲಾಸಿನವರಿಗೆ ಚೂಟಿ ಇದನ್ನು ಹೇಳಿಲ್ಲ, ಆಸ್ಪತ್ರೆಯನ್ನೇ ಮುಂದುವರಿಸಿದ್ದಾಳೆ.

ರಜೆಗೆ ನೀನು ಬರಲಿಲ್ಲ. ಅವಳು ದಿನಾ ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು, ಆಮೇಲೆ ಕುರ್ಚಿಯನ್ನು ತಾನೇ ಎತ್ತಿ ಒಳಗಿಟ್ಟಳು. ನೀನು ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ.

ಅಕ್ಕ

19 ಸೆಪ್ಟೆಂಬರ್ 2003

ಅಕ್ಕಾ,

ನಿನ್ನ ಕೆಲಸದ ಸುದ್ದಿಯನ್ನು ಎರಡು ಸಲ ಓದಿದೆ.

ಕಿಟಕಿಯ ಮಾತು ನಂಬುವುದು ಕಷ್ಟ. ನನ್ನ ಜೊತೆ ಒಂದು ಮಾತೂ ಆಡಲೊಲ್ಲದ ಮಗು ನನಗಾಗಿ ಯಾಕೆ ಕಾಯುತ್ತದೆ? ನನ್ನನ್ನು ಸಮಾಧಾನ ಮಾಡಲು ಬರೆದದ್ದಾದರೆ ಬೇಡ. ಈ ತಿಂಗಳ ಹಣ ಕಳಿಸಿದ್ದೇನೆ, ಅವಳಿಗೆ ಮಳೆಗೆ ಶೂ ತೆಗೆದುಕೊಡು.

ತಂಗಿ

14 ಜೂನ್ 2004

ತಂಗೀ,

ನಿನ್ನೆ ಹಳೆಯ ಸಹೋದ್ಯೋಗಿಯೊಬ್ಬ ಒಂದು ಪ್ರಬಂಧ ತಂದುಕೊಟ್ಟ. "ನೋಡಿದರೆ ಬೇಜಾರಾಗುತ್ತೆ, ಆದ್ರೂ ಬೇರೆಯವರ ಬಾಯಲ್ಲಿ ಕೇಳೋದು ಬೇಡ" ಅಂದ. ಬೇರೊಂದು ದೇಶದವರದ್ದು. ಸೋಮಾರಿಯದ್ದೇ. ಈ ವರ್ಷ ಅವನು ಮತ್ತೆ ಎದ್ದಾಗ ಅವರು ನೋಡಿದ್ದಾರೆ. ಎಕ್ಸ್-ರೇ ಬೀಳುತ್ತದೆ, ಕಾಲು ಗಂಟೆಗೆ ರೇಡಿಯೋ ಏಳುತ್ತದೆ. ಪ್ರತಿ ಸಲವೂ. ಒಂದೇ ಒಂದು ಸಲವೂ ತಪ್ಪಿಲ್ಲ. ಒಳಅಂಚು ಖಾಲಿಯಾದಾಗಲೆಲ್ಲ ಚಿಲುಮೆ ಎದ್ದಿದೆ. ನಾನು ಹೇಳಿದ ಹಾಗೇ. ಕೊನೆಯಲ್ಲಿ ಒಂದು ಸಾಲಿದೆ, "ಹಿಂದೊಮ್ಮೆ ಚಿಲುಮೆ ಕಾಣಲಿಲ್ಲ ಎಂಬ ವರದಿಗೆ ಕಾರಣ ತಿಳಿಯದು" ಅಂತ. ಆ ವರದಿ ನನ್ನದು. ವಿಜ್ಞಾನದಲ್ಲಿ ನಾನು ಉಳಿದಿರುವುದು ಅಷ್ಟು ಮಾತ್ರ.

ಡಿಶ್ ಚೆನ್ನಾಗಿತ್ತು, ಗಾಳಿ ಇರಲಿಲ್ಲ, ನೀನು ಕುರುಡಿಯಲ್ಲ. ಹಾಗಾದರೆ ಎರಡನೆಯ ಮಧ್ಯಾಹ್ನ ಏನಾಯಿತು? ಈ ಸಲ ಸುಳ್ಳು ಹೇಳಿದರೆ ಮತ್ತೆ ಬರೆಯಬೇಡ.

ಅಕ್ಕ

26 ಜೂನ್ 2004

ಅಕ್ಕಾ,

ಒರೆಸಿಹಾಕಿದೆ. ಇಡೀ ಮಧ್ಯಾಹ್ನವನ್ನು, ಒಂದು ಸಾಲೂ ನೋಡದೆ. ಏನೀಗ?

ನನ್ನ ಹತ್ತಿರ ಮೊಬೈಲ್ ಇತ್ತು. ಪೇಟೆಗೆ ಹೋದಾಗ ತಂದು, ದಿಂಬಿನ ಕವರಿನೊಳಗೆ ಹೊಲಿದಿಟ್ಟಿದ್ದೆ. ಅಡುಗೆಮನೆಯ ಹಿಂದಿನ ದಿಬ್ಬದ ತುದಿಯಲ್ಲಿ ನಿಂತರೆ ಪೇಟೆಯ ಸಿಗ್ನಲ್ ಒಂದು ಗೀಟು ಸಿಗುತ್ತದೆ. ಆಫೀಸಿನ ನಂಬರ್ ಕಂಡರೆ ಎತ್ತುವುದಿಲ್ಲ ಅಂತ ನೀನೇ ಬರೆದಿದ್ದೆಯಲ್ಲ? ಆ ಮೂರು ದಿನ ಆಫೀಸು ಬಿಟ್ಟು ಅಲ್ಲಾಡುವುದಿಲ್ಲ ಅಂತಲೂ ನೀನೇ ಬರೆದಿದ್ದೆ. ಮನೆಯಲ್ಲಿ ಚೂಟಿ, ಪಕ್ಕದ ಮನೆ ಅಜ್ಜಿ, ಇಬ್ಬರೇ. ಅಜ್ಜಿಗೆ ಕಿವಿ ಮಂದ. ಫೋನು ಎತ್ತಿದರೆ ಚೂಟಿಯೇ ಎತ್ತಬೇಕು. ಇಷ್ಟೆಲ್ಲ ಲೆಕ್ಕ ಹಾಕಿ, ಡಿಶ್ಶನ್ನು ತಾನಾಗಿ ನಡೆಯಲು ಬಿಟ್ಟು, ದಿಬ್ಬ ಹತ್ತಿದೆ.

ಎತ್ತಿದಳು. ಉಸಿರು ಕೇಳಿಸಿತು. "ಚೂಟಿ, ನಾನು ಕಣೇ, ಅಮ್ಮ" ಅಂದೆ. ಮಾತಿಲ್ಲ. "ಸಿಟ್ಟಾ? ಒಂದೇ ಒಂದ್ಸಲ ಅಮ್ಮಾ ಅನ್ನು, ಇಡ್ತೀನಿ" ಅಂದೆ. ಇಡಲೂ ಇಲ್ಲ, ಮಾತಾಡಲೂ ಇಲ್ಲ. ಆಮೇಲೆ ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು. ನಾನು ಬಿಡದೆ ಕರೆಯುತ್ತಲೇ ನಿಂತೆ, ಮತ್ತೆ ಎತ್ತಿಕೊಳ್ಳುತ್ತಾಳೆ ಅಂತ. ಬ್ಯಾಟರಿ ಸಾಯುವವರೆಗೂ ನಿಂತೆ.

ಇಳಿದು ಬರುವಾಗ ಕೆಳಗೆ ಮೂಸುರಾಯರ ಜೀಪು ಸುತ್ತುತ್ತಿತ್ತು. ಅಷ್ಟು ಹೊತ್ತು ಮೊಬೈಲ್ ಹಚ್ಚಿದ್ದೆನಲ್ಲ, ಅದರ ಗುರುತು ಡಿಶ್‌ನಲ್ಲಿ ಬಿದ್ದೇ ಇರುತ್ತದೆ ಅಂದುಕೊಂಡೆ. ಕೂತು ಬೇರೆಬೇರೆ ಮಾಡಿ ನೋಡಬಹುದಿತ್ತು. ಮೊಬೈಲಿನ ಸದ್ದೇ ಬೇರೆ, ಸೋಮಾರಿಯ ಸದ್ದೇ ಬೇರೆ, ನಮ್ಮಂಥವರಿಗೆ ಗೊತ್ತಾಗುತ್ತದೆ. ಕೂರುವ ಧೈರ್ಯ ಬರಲಿಲ್ಲ. ಅವರು ಕೇಳುವ ಮೊದಲು ಒರೆಸಿದೆ, ಹಿಂದುಮುಂದಿನ ದಿನಗಳ ಗೊರಗೊರದಿಂದ ನಿನ್ನ ಹಾಳೆ ತುಂಬಿಸಿದೆ. ಕೆಲಸ ಹೋದರೆ ಮಗುವನ್ನು ಯಾವ ಮುಖ ಇಟ್ಟುಕೊಂಡು ವಾಪಸ್ ಕೇಳಲಿ?

ಹೋದ ವರ್ಷ ಆಗಸ್ಟ್‌ವರೆಗೂ ಅದರ ಒಂದು ಪ್ರತಿ ಉಗ್ರಾಣದಲ್ಲಿ ಇತ್ತು. ಅಲ್ಲಿ ಆರು ತಿಂಗಳು ಇಟ್ಟು ಆಮೇಲೆ ಅದರ ಮೇಲೇ ಹೊಸದನ್ನು ಬರೆಯುತ್ತಾರೆ. ತೆಗೆಸಬೇಕಾದರೆ ಮೂಸುರಾಯರಿಗೆ ಕಾರಣ ಹೇಳಬೇಕಿತ್ತು. ನಾನು ಹೇಳಲಿಲ್ಲ. ಅದರಲ್ಲಿ ನಿನ್ನ ಚಿಲುಮೆ ಇತ್ತೋ ಇಲ್ಲವೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಿನಗೆ ನನ್ನ ಮೇಲೆ ಉಗುಳಬೇಕು ಅನ್ನಿಸಿದರೆ ಉಗುಳು. ಆದರೆ ನನ್ನ ಮಗಳನ್ನು ನನಗೆ ತಿರುಗಿ ನಿಲ್ಲುವ ಹಾಗೆ ಬೆಳೆಸಿದವಳು ನೀನು. ಅವಳು ಆವತ್ತು ಒಂದು ಮಾತು ಆಡಿದ್ದರೆ ನಾನು ಎರಡು ನಿಮಿಷದಲ್ಲಿ ಇಟ್ಟುಬಿಡುತ್ತಿದ್ದೆ.

ತಂಗಿ

10 ಜುಲೈ 2004

ತಂಗೀ,

ಬೈಯಬೇಕು ಅಂತ ಕೂತು ಮೂರು ಸಲ ಹರಿದುಹಾಕಿದೆ. ಬೈಯಲು ಆಗುತ್ತಿಲ್ಲ.

ಫೋನು ಎತ್ತಿದ್ದು ನಾನು.

ಉಪಗ್ರಹದ ಮಾಹಿತಿ ಇಳಿಯುವುದು ಸಂಜೆಗೆ. ಆಫೀಸಿನಲ್ಲಿ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ತಡೆಯಲಾಗದೆ ಮನೆಗೆ ಬಂದು ಕೂತಿದ್ದೆ. ಅಜ್ಜಿಯನ್ನು ವಾಪಸ್ ಕಳಿಸಿದ್ದೆ. ಗೊತ್ತಿಲ್ಲದ ನಂಬರ್, ಉಪಗ್ರಹದವರೇನೋ ಅಂತ ಎತ್ತಿದೆ. ನಿನ್ನ ಮೊದಲ ಮಾತಿಗೇ ಗೊತ್ತಾಯಿತು. ಚೂಟಿ ಒಳಗಿನ ಕೋಣೆಯಲ್ಲಿ ನೆಲದ ಮೇಲೆ ಮಲಗಿ ಚಿತ್ರ ಬರೆಯುತ್ತಿದ್ದಳು. "ಯಾರು ದೊಡ್ಡಮ್ಮಾ?" ಅಂದಳು. "ಯಾರೂ ಇಲ್ಲ" ಅಂದೆ, ಅಂಗೈಯಿಂದ ಫೋನು ಮುಚ್ಚಿಕೊಂಡು. ನಾನು ಒಂದು ಮಾತಾಡಿದರೆ ಅವಳನ್ನು ಕರೆಯಬೇಕಾಗುತ್ತಿತ್ತು. ಇಟ್ಟರೆ ನೀನು ಮತ್ತೆ ಮಾಡುತ್ತಿದ್ದೆ. ಅದಕ್ಕೇ ಮೇಜಿನ ಮೇಲೆ ಇಟ್ಟು, ಕೋಣೆಯ ಬಾಗಿಲು ಎಳೆದು, ಅವಳ ಪಕ್ಕದಲ್ಲಿ ಹೋಗಿ ಕೂತೆ. ಆಗಾಗ ಎದ್ದು ಬಂದು ಕೇಳಿದರೆ ನಿನ್ನ ದನಿ ಸಣ್ಣಗೆ ಬರುತ್ತಲೇ ಇತ್ತು. ನಿಂತಾಗ ಹೋಗಿ ಇಟ್ಟೆ.

ಕಣಿವೆಯಲ್ಲಿ ಮೊಬೈಲ್ ಹಚ್ಚಿದ್ದೀಯ ಅಂತ ಆ ಕ್ಷಣವೇ ನನಗೆ ಗೊತ್ತಾಗಿತ್ತು. ಗಾಳಿ ಬಂತಾ, ಡಿಶ್ ಬಿಟ್ಟುಕೊಟ್ಟೆಯಾ ಅಂತೆಲ್ಲ ಕೇಳಿದೆ, ಅದೊಂದನ್ನು ಬಿಟ್ಟು. "ಆವತ್ತು ಫೋನು ಮಾಡಿದ್ದೆಯಲ್ಲ, ಅದರಿಂದೇನಾದರೂ ಹಾಳಾಯಿತಾ?" ಅಂತ ಒಂದು ಸಾಲು ಬರೆದಿದ್ದರೆ ಉಗ್ರಾಣದಲ್ಲಿದ್ದ ಪ್ರತಿಯಾದರೂ ಸಿಗುತ್ತಿತ್ತು. ಬರೆದರೆ ಎತ್ತಿದ್ದು ನಾನು ಅಂತ ಒಪ್ಪಿಕೊಳ್ಳಬೇಕಿತ್ತು. ಚೂಟಿಗೆ ಸಿಟ್ಟಿದೆ ಅಂತ ನೀನು ಬರೆದಾಗಲೂ ನನಗೆ ಅರ್ಥವಾಯಿತು. ಸುಮ್ಮನಿದ್ದೆ. ಬರುವುದಿಲ್ಲ ಅಂದೆ ನೀನು, ಅದು ನನಗೆ ಹಿತವಾಗಿತ್ತು. ಮಕ್ಕಳಿಲ್ಲದ ಮನೆಗೆ ಬಂದವಳು ಕಣೇ ಅವಳು. ಹುದ್ದೆ ಹೋಯಿತು, ಅವಳಾದರೂ ಉಳಿದಳು ಅಂದುಕೊಂಡೆ.

ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ. ನೀನು ಫೋನು ಮಾಡಿದ್ದೇ ಅವಳಿಗೆ ಗೊತ್ತಿಲ್ಲ. ಕಿಟಕಿಯ ಕುರ್ಚಿ ನಿಜ.

ಅಕ್ಕ

24 ಜುಲೈ 2004

ಅಕ್ಕಾ,

ನಿನ್ನ ಕಾಗದ ಶುಕ್ರವಾರ ಬಂತು. ಓದಿ ನೇರ ಮೂಸುರಾಯರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ, ಮೊಬೈಲನ್ನು ಮೇಜಿನ ಮೇಲಿಟ್ಟೆ. "ಅಲ್ಲಮ್ಮಾ, ಆ ದಿಬ್ಬದ ತುದೀಲಿ ಹಚ್ಚಿದ್ರೆ ನಡುವೆ ಗುಡ್ಡ ಅಡ್ಡ ಬರುತ್ತೆ, ಡಿಶ್‌ಗೆ ಕೇಳ್ಸೋದೇ ಇಲ್ಲ, ನಾನೇ ಅಳೆದಿದ್ದೀನಿ. ಯಾಕೆ ಒರೆಸೋಕೆ ಹೋದ್ರಿ?" ಅಂದರು. ನಾನು ಒರೆಸಿದ್ದರಲ್ಲಿ ನನ್ನ ಮೊಬೈಲಿನ ಗುರುತೇ ಇರಲಿಲ್ಲ.

ಕೆಲಸ ಹೋಯಿತು. ನಿಯಮ ನಿಯಮವೇ ಅಂದರು, ಸರಿಯೇ. ಈ ಕಾಗದ ಮುಂದಿನ ಶುಕ್ರವಾರದ ವ್ಯಾನಿನಲ್ಲಿ ಹೊರಡುತ್ತದೆ, ಅದರ ಮುಂದಿನ ಶುಕ್ರವಾರದ್ದರಲ್ಲಿ ನಾನು. ಚೂಟಿಯ ಬಟ್ಟೆ, ಪುಸ್ತಕ, ಮಳೆಯ ಶೂ ಕಟ್ಟಿಡು. ಎಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಅಂತ ಇನ್ನೂ ಗೊತ್ತಿಲ್ಲ, ಗೊತ್ತಾದ ಮೇಲೂ ನಿನಗೆ ಬರೆಯುತ್ತೇನೋ ಇಲ್ಲವೋ ಹೇಳಲಾರೆ.

ದಾರಿಯಲ್ಲಿ ಫೋನು ಮಾಡುವುದಿಲ್ಲ. ಬಂದು ಬಾಗಿಲು ತಟ್ಟುತ್ತೇನೆ. ಚೂಟಿಯೇ ತೆಗೆಯಲಿ. ನೀನು ತೆಗೆದರೆ, ಈ ಸಲವಾದರೂ ಬಾಯಿಬಿಟ್ಟು ಅವಳನ್ನು ಕರೆ.

ತಂಗಿ